ಫಾರಿನ್‌ನಿಂದ ವಾಪಸ್ ಬಂದೀನ್ರೀ, ಕಂಪನಿಗೆ ಏನು ಕೇಳಬಹುದು?

ಪ್ರಶ್ನೆ: ನಮಸ್ಕಾರ್ರೀ ಮೇಡಮ್. ಹುಬ್ಬಳ್ಳಿ ಗೋಕುಲ ರೋಡ್ ಕಡೆ ನನ್ನ ಕೆಲಸ. ಕಂಪನಿ ನನ್ನನ್ನ ಮೂರು ವರ್ಷ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಕಳಿಸಿತ್ತು. ಹೋಗೂಮುಂದ ವೀಸಾ, ಮನಿ, ಭಾಷಾ ಕ್ಲಾಸ್ ಎಲ್ಲಾ ಮಾಡಿಕೊಟ್ರು. ಬಂದು ಎರಡು ತಿಂಗಳಾತು, ಏನರ ಕೇಳಿದ್ರ ‘ನಿಮ್ಮೂರಿಗೇ ಬಂದೀರಲ್ಲ, ಇನ್ನೇನು’ ಅಂತಾರ. ನನ್ನ ಜಾಗಾದಾಗ ಬ್ಯಾರೇದವರು ಅದಾರ. ನಾ ಮೂಲ್ಯಾಗ ಲ್ಯಾಪ್‌ಟಾಪ್ ಹಿಡ್ಕೊಂಡು ಕುಂತೀನಿ. ಒಂಬತ್ತು ವರ್ಷದ ಮಗಳು ಖಾಲಿ ನೀರಿನ ಬಾಟ್ಲಿ ಒಗೀಲಿಕ್ಕೆ ಬಿಡವಲ್ಲಳು. ಜರ್ಮನಿಯಾಗಿನ ರೂಢಿ, ‘ಅಂಗಡ್ಯಾಗ ಕೊಟ್ರ 25 ಸೆಂಟ್ ಬರ್ತೈತಿ’ ಅಂತ ಚೀಲದಾಗ ತುಂಬಿಟ್ಟಾಳ.

ಉತ್ತರ: ಸರ್, ಬಾಟ್ಲಿ ಕಥಿ ಓದಿ ಮೊದಲು ನಗು ಬಂತು, ಆಮ್ಯಾಲೆ ಕೆಟ್ಟನಿಸ್ತು. ನಾನೂ ಎಚ್‌ಆರ್‌ದಾಕಿನ, ಒಪ್ಪಿಕೊಂಡಬಿಡ್ತೀನಿ: ಕಳಸೂಮುಂದ ನಮ್ಮ ಹತ್ರ ನಾಕು ಪುಟದ ಚೆಕ್‌ಲಿಸ್ಟ್ ಇರ್ತೈತಿ, ಕರಸೂಮುಂದ ಬರೇ ವಿಮಾನದ ಟಿಕೆಟ್.

ಮೊದಲು ನಿಮ್ಮ ಅಸೈನ್‌ಮೆಂಟ್ ಲೆಟರ್ (ಫಾರಿನ್‌ಗೆ ಕಳಸೂಮುಂದ ಕಂಪನಿ ಕೊಟ್ಟ ಕರಾರಿನ ಪತ್ರ) ತಗೀರಿ. ಸಾಮಾನು ಸಾಗಿಸೂ ಖರ್ಚು, ಮನಿ ಸಿಗೂತನಕ ಇರೂ ವ್ಯವಸ್ಥಾ, ಮಕ್ಕಳ ಅಡ್ಮಿಷನ್, ಟ್ಯಾಕ್ಸ್ ಸಲಹಾ, ಇವುಗಳ ಬಗ್ಗೆ ಏನು ಬರದಾರ ನೋಡ್ರಿ. ಅದರಾಗ ಇದ್ದದ್ದು ಹಕ್ಕಿನಿಂದ ಕೇಳ್ರಿ, ಇಲ್ಲದ್ದು ವಿನಂತಿ ಮಾಡ್ರಿ.

ಜಾಗಾದ ಮಾತು. ಹಳೇ ಕುರ್ಚಿ ಬೇಕಂತ ಜಗ್ಗಾಡಬ್ಯಾಡ್ರಿ. ಅಲ್ಲಿ ಏನು ಕಲತ್ರಿ, ಇಲ್ಲಿ ಯಾವ ಲೈನ್‌ಗೆ ಅದು ಉಪಯೋಗ, ಅಲ್ಲಿ ಯಾರಿಗೆ ಫೋನ್ ಹಚ್ಚಿದ್ರ ಕೆಲಸ ಆಗ್ತೈತಿ, ಒಂದೇ ಹಾಳ್ಯಾಗ ಬರದು ಪ್ಲಾಂಟ್ ಹೆಡ್ ಕಡೆ ಒಯ್ರಿ. (ನಮ್ಮ ಕಡೆ ತಂದ್ರ ಫೈಲಿಗೆ ಹಾಕ್ತೀವಿ!) ಜಪಾನ್‌ನಿಂದ ಬಂದ ನಮ್ಮ ಹುಡುಗ ಒಬ್ಬಾವ ಹಿಂಗ ಸುಮ್ಮ ಕುಂತಿದ್ದ. ಪ್ರತಿ ಶನಿವಾರ ಒಂದು ತಾಸು ಆಪರೇಟರ್‌ಗಳಿಗೆ ಮಶೀನಿನ ಡೈ (ಅಚ್ಚು) ಬದಲಿ ಮಾಡೂದು ತೋರಸು ಅಂದ್ವಿ. ಮೂರನೇ ವಾರಕ್ಕ ಮಂದಿನ ಅವನ್ನ ಹುಡುಕ್ಕೊಂಡು ಬರಾಕ ಹತ್ತಿದ್ರು.

ಟ್ಯಾಕ್ಸ್: ‘ವಾಪಸ್ ಬಂದವ್ರಿಗೆ ವಿದೇಶದ ಆದಾಯಕ್ಕ ರಿಯಾಯ್ತಿ ಐತಿ’ ಅಂತ ಗೆಳೆಯರು ಹೇಳ್ತಾರ. ಅದು ಹಿಂದಿನ ಏಳು ವರ್ಷದಾಗ ಭಾರತದಾಗ 729 ದಿನ ಅಥವಾ ಅದಕ್ಕಿಂತ ಕಡಿಮಿ ಇದ್ದವರಿಗೆ, ಇಲ್ಲಾ ಹಿಂದಿನ ಹತ್ತರಾಗ ಒಂಬತ್ತು ವರ್ಷ ಅನಿವಾಸಿ ಆಗಿದ್ದವರಿಗೆ. ಮೂರು ವರ್ಷ ಹೋಗಿ ಬಂದ ನಿಮಗ ಅದು ಕೂಡೂದಿಲ್ಲ. ಬಂದ ವರ್ಷದ ರಿಟರ್ನ್‌ಗೆ ಸಿಎ ಫೀ ಕಂಪನೀನ ಕೊಡಲಿ ಅಂತ ಕೇಳ್ರಿ. ಪಿಎಫ್ ಇಲ್ಲೇ ಕಟ್ಟಿದ್ರ ‘ಸರ್ಟಿಫಿಕೇಟ್ ಆಫ್ ಕವರೇಜ್’ (ಇಲ್ಲಿ ಪಿಎಫ್ ಕಟ್ತಾರ, ಅಲ್ಲಿ ಪಿಂಚಣಿ ಕಡಿತ ಬ್ಯಾಡ ಅನ್ನೂ ಪತ್ರ) ಪ್ರತಿ ಇಟ್ಕೋರಿ. ಇದಕ್ಕ ಜರ್ಮನಿ ಜೊತಿ ಭಾರತದ ಪೂರ್ಣ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇದಿಂದ ಜಾರಿ ಐತಿ. ಎನ್‌ಆರ್‌ಇ ಖಾತೆ (ಅನಿವಾಸಿಗಳ ಬ್ಯಾಂಕ್ ಖಾತೆ) ಇದ್ರ ಬ್ಯಾಂಕಿಗೆ ಹೇಳಿ ನಿವಾಸಿ ಖಾತೆಗೆ ಬದಲಿ ಮಾಡಸ್ರಿ.

ಗದಗದಿಂದ ಒಬ್ರು: ಅಕ್ಕಾರ, ನಮ್ಮ ಮನಿಯವರು ಇನ್ನೂ ಆರು ತಿಂಗಳಿಗೆ ಬರ್ತಾರ. ಈಗ್ಲೇ ಏನರ ಮಾಡಬೇಕೇನ್ರೀ?

ಉತ್ತರ: ಈಗ್ಲೇ ಛಲೋ ವ್ಯಾಳ್ಯಾ, ತಂಗಿ. ‘ಬಂದಮ್ಯಾಲೆ ನನ್ನ ಕೆಲಸ ಯಾವುದು, ಯಾರ ಕೈಕೆಳಗ’ ಅಂತ ಮೇಲ್ ಹಾಕ್ಲಿ, ಉತ್ತರ ಬರವಣಿಗ್ಯಾಗ ಬರ್ಲಿ. ಫೋನಿನ್ಯಾಗ ‘ನೋಡೋಣ’ ಅಂದದ್ದು ಲೆಕ್ಕಕ್ಕಿಲ್ಲ.

ಪ್ರಶ್ನೆ ಕೇಳಿದವರು: ಮೇಡಮ್, ಲೆಟರ್ ತಗದು ನೋಡಿದೆ. ಏಳನೇ ಪುಟದಾಗ ಸಾಲಿ ಅಡ್ಮಿಷನ್ ಫೀ ಐತ್ರೀ! ನಾ ಜೂನ್‌ನ್ಯಾಗ ಕೈಯಿಂದ ಕಟ್ಟಿಬಿಟ್ಟೀನಿ.

ಉತ್ತರ: ರಸೀದಿ ಐತಿಲ್ಲ? ನಾಳೇನ ಕ್ಲೇಮ್ ಹಾಕ್ರಿ.