ಅಪ್ಪನಿಗೂ ಶುಗರ್ ಇದೆ, ಇನ್ನು ನಾನು ವಾಕಿಂಗ್ ಮಾಡಿ ಏನು ಪ್ರಯೋಜನ?

ಪ್ರಶ್ನೆ (ಎಚ್‌ಎಸ್‌ಆರ್ ಲೇಔಟ್): ನಮಸ್ತೆ ಮೇಡಂ. ನನಗೆ 38 ವರ್ಷ. ಐಟಿ ಕೆಲಸ, ದಿನವಿಡೀ ಕೂತೇ ಇರುತ್ತೇನೆ. ಹೆಲ್ತ್ ಚೆಕಪ್‌ನಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 6.1 ಬಂತು. ಅಪ್ಪ, ದೊಡ್ಡಪ್ಪ, ಅಜ್ಜಿ ಎಲ್ಲರಿಗೂ ಶುಗರ್. ವಂಶದಲ್ಲೇ ಇದ್ದಮೇಲೆ ನನಗೂ ಬಂದೇ ಬರುತ್ತೆ ಅಲ್ವಾ? ಮನೆಯಲ್ಲಿ ಮಾತ್ರ ‘ತಿಂದು ತಿಂದು ನೀನೇ ತರಿಸಿಕೊಂಡೆ’ ಅಂತಾರೆ.

ಉತ್ತರ (ಡಾಕ್ಟರ್): ಮೊದಲು ಮನೆಯವರಿಗೆ ಒಂದು ಮಾತು. ದಯವಿಟ್ಟು ಬೈಯಬೇಡಿ. ಬೈಸಿಕೊಂಡವರು ಟೆಸ್ಟ್ ಮಾಡಿಸೋದನ್ನೇ ಬಿಡುತ್ತಾರೆ, ಕದ್ದು ತಿನ್ನುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ನಿಮಗೆ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಪ್ರೀ-ಡಯಾಬಿಟಿಸ್, ಅಂದರೆ ಡಯಾಬಿಟಿಸ್‌ಗೆ ಮುಂಚಿನ ಹಂತ. 6.5 ಮುಟ್ಟಿದರೆ ಡಯಾಬಿಟಿಸ್. ನಿಮಗೆ ಇನ್ನೂ ಸಮಯ ಇದೆ.

ವಂಶದ ಪಾಲು ನಿಜ. ನಮ್ಮವರಿಗೆ ತೂಕ ಅಷ್ಟೇನೂ ಇಲ್ಲದಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಸೇರುತ್ತದೆ, ಅದು ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹಾರ್ಮೋನಿನ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಟೇಪ್ ಹಿಡಿದು ಹೊಟ್ಟೆಯ ಸುತ್ತಳತೆ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80ರ ಒಳಗಿರಬೇಕು.

ಆದರೆ ‘ಬಂದೇ ಬರುತ್ತೆ’ ಅನ್ನೋದನ್ನು ಒಪ್ಪಲ್ಲ. ನಿಮ್ಮ ಹಾಗೆ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ವಾರಕ್ಕೆ 150 ನಿಮಿಷ ನಡಿಗೆ, ಜೊತೆಗೆ ತೂಕದಲ್ಲಿ ಶೇ 7 ಇಳಿಸುವ ಗುರಿ. ಈ ಗುರಿ ಕೊಟ್ಟವರಲ್ಲಿ ಡಯಾಬಿಟಿಸ್ ಬರುವುದು ಶೇ 58 ಕಡಿಮೆಯಾಯಿತು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ 31. ಚೆನ್ನೈನಲ್ಲಿ ನಮ್ಮವರ ಮೇಲೆಯೇ ನಡೆದ ಅಧ್ಯಯನದಲ್ಲಿ (2006) ಲಾಭ ಸುಮಾರು ಶೇ 28. ಕಡಿಮೆಯೇ, ಆದರೆ ಅಲ್ಲಿ ತೂಕ ಅಷ್ಟಾಗಿ ಇಳಿಯದಿದ್ದರೂ ಲಾಭ ಸಿಕ್ಕಿತು. ತೂಕ ಇಳಿಯಲಿಲ್ಲ ಅಂತ ವಾಕಿಂಗ್ ಬಿಡುವವರು ಇದನ್ನು ನೆನಪಿಡಿ.

ಔಟರ್ ರಿಂಗ್ ರೋಡ್ ಟ್ರಾಫಿಕ್‌ನಲ್ಲಿ ನೊಂದು ಬಂದವರಿಗೆ ಕಬ್ಬನ್ ಪಾರ್ಕ್‌ಗೆ ಹೋಗಿ ನಡೀರಿ ಅನ್ನೋದು ಅನ್ಯಾಯ. ಫುಟ್‌ಪಾತ್ ಸರಿ ಇಲ್ಲದ್ದೂ ನಿಮ್ಮ ತಪ್ಪಲ್ಲ. ಊಟ ಆದಮೇಲೆ ಟೆರೇಸ್‌ನಲ್ಲೇ ಹದಿನೈದು ನಿಮಿಷ ನಡೆಯಿರಿ. ಊಟದಿಂದ ಏರುವ ಸಕ್ಕರೆಯನ್ನು ಕಾಲಿನ ಸ್ನಾಯುಗಳೇ ಎಳೆದುಕೊಳ್ಳುತ್ತವೆ.

ದರ್ಶಿನಿಯ ಚೌಚೌ ಬಾತ್ ಜೊತೆ ಸಕ್ಕರೆ ಕಾಫಿ ದಿನನಿತ್ಯ ಬೇಡ. ಮನೆಯಲ್ಲಿ ಅನ್ನ ಅರ್ಧ ಮಾಡಿ, ಹೆಸರುಕಾಳಿನ ಉಸಲಿ, ಸೊಪ್ಪಿನ ಪಲ್ಯ ಜಾಸ್ತಿ ಬಡಿಸಿಕೊಳ್ಳಿ. ರಾಗಿ ಒಳ್ಳೆಯದು, ಆದರೆ ಅದರಲ್ಲೂ ಇರೋದು ಹೆಚ್ಚಾಗಿ ಪಿಷ್ಟವೇ. ಎರಡು ದೊಡ್ಡ ಮುದ್ದೆ ನುಂಗಿದರೆ ಶುಗರ್ ಏರುತ್ತದೆ. ರಾಗಿ ಮಾಲ್ಟ್ ಇನ್ನೂ ಬೇಗ ಏರಿಸುತ್ತದೆ. ಮೂರು ತಿಂಗಳಿಗೆ ಮತ್ತೆ ಎಚ್‌ಬಿಎ1ಸಿ ಮಾಡಿಸಿ. ಅದಕ್ಕೂ ಮುಂಚೆ ಮಾಡಿಸಿದರೆ ಬದಲಾವಣೆ ಪೂರ್ತಿ ಕಾಣಲ್ಲ.

ಪ್ರಶ್ನೆ (ಬಸವನಗುಡಿ): ಮೇಡಂ, ನಮ್ಮ ಅಮ್ಮನಿಗೆ 62. ದಿನಾ ಲಾಲ್‌ಬಾಗ್‌ನಲ್ಲಿ ವಾಕಿಂಗ್, ಉಪ್ಪೂ ಕಡಿಮೆ. ‘ನನ್ನ ಆರೋಗ್ಯ ನನ್ನ ಕೈಲಿದೆ’ ಅಂತ ಬಿಪಿ ಮಾತ್ರೆ ಬಿಟ್ಟಿದ್ದಾರೆ. ಆರಾಮಾಗೇ ಇದ್ದಾರೆ.

ಉತ್ತರ (ಡಾಕ್ಟರ್): ಅಮ್ಮನ ಶಿಸ್ತು ನೋಡಿ ಖುಷಿಯಾಯಿತು, ಮಾತ್ರೆ ಬಿಟ್ಟಿದ್ದು ಕೇಳಿ ಭಯವಾಯಿತು. ಬಿಪಿ ಏರಿದ್ದು ಸಾಮಾನ್ಯವಾಗಿ ಗೊತ್ತೇ ಆಗಲ್ಲ. ಆರಾಮಾಗಿದ್ದವರಿಗೂ ಒಂದು ದಿನ ಸ್ಟ್ರೋಕ್ ಹೊಡೆಯಬಹುದು. ಮಾತ್ರೆ ನುಂಗೋದೂ ಅವರ ಕೈಯಲ್ಲೇ ಇದೆ ಅಂತ ಹೇಳಿ. ಅಡುಗೆಗೆ ಉಪ್ಪು ಕಮ್ಮಿ ಹಾಕಿ ಉಪ್ಪಿನಕಾಯಿ, ಹಪ್ಪಳ ಬಿಡದಿದ್ದರೆ ಅದೂ ಲೆಕ್ಕಕ್ಕೆ ಬರುತ್ತದೆ. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚದ ಒಳಗಿರಬೇಕು.

ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲಿ ಬಿಪಿ ಉಚಿತವಾಗಿ ನೋಡುತ್ತಾರೆ. ನಾಳೆಯೇ ಕರೆದುಕೊಂಡು ಹೋಗಿ, 140/90 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಡಮಾಡದೆ ಅವರ ಡಾಕ್ಟರ್‌ಗೆ ತೋರಿಸಿ. ಕಡಿಮೆ ಬಂದರೂ ತೋರಿಸಿ. ವಾಕಿಂಗ್‌ನಿಂದ ಡೋಸ್ ಇಳಿಸುವ ಹಾಗಿದ್ದರೆ ಅವರೇ ಇಳಿಸುತ್ತಾರೆ. ಹಳೆ ಚೀಟಿ, ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ.