ವಿಂಡೋಸ್ 11 ಆದ ಮೇಲೆ ಹಾಡಿನ ಶ್ರುತಿ ಇಳಿದಿದೆ, ಮೈಕ್ ಕೂಡ ಬರುತ್ತಿಲ್ಲ

ಐದೂವರೆಮನೆ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಭಾವಗೀತೆ ರೆಕಾರ್ಡ್ ಮಾಡುತ್ತೇನೆ. ಎರಡು ಚಾನೆಲ್‌ನ ಯುಎಸ್‌ಬಿ ಇಂಟರ್ಫೇಸ್ (ಮೈಕನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಅಷ್ಟೇ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. ಅದಕ್ಕೆ ಅಪ್‌ಡೇಟ್ ಬರೋದು ನಿಂತಿತಲ್ಲ ಅಂತ ಮಗ 11ಕ್ಕೆ ಏರಿಸಿಕೊಟ್ಟ. ಆಮೇಲೆ ಶುರುವಾಯಿತು ನೋಡಿ.

ಮೊದಲನೆಯದು, ಮೈಕ್. ಇಂಟರ್ಫೇಸ್ ಮೇಲಿನ ಹಸಿರು ದೀಪ ಮಿನುಗುತ್ತದೆ, ಹೆಡ್‌ಫೋನ್‌ನಲ್ಲಿ ನನ್ನ ದನಿ ನನಗೆ ಕೇಳುತ್ತದೆ, ಸಾಫ್ಟ್‌ವೇರ್‌ನಲ್ಲಿ ಮಾತ್ರ ಗೆರೆ ಸಪಾಟು. ಎರಡನೆಯದು ಇನ್ನೂ ವಿಚಿತ್ರ. ಹಳೇ ಪ್ರಾಜೆಕ್ಟ್ ತೆರೆದರೆ ಹಾಡೆಲ್ಲ ನಿಧಾನ, ದನಿ ದಪ್ಪ. ನಾನು ಐದೂವರೆ ಮನೆ ಶ್ರುತಿಗೆ ಹಾಡುವವಳು. ಫೋನಿನಲ್ಲಿ ತಂಬೂರಿ ಹಾಕಿಕೊಂಡು ನೋಡಿದರೆ ಐದಕ್ಕೂ ಕೂರುತ್ತಿಲ್ಲ, ನಾಲ್ಕೂವರೆಗೂ ಕೂರುತ್ತಿಲ್ಲ. ಜೊತೆಗೆ ಆಗಾಗ ಕರಕರ ಸದ್ದು ಬೇರೆ. ಮುಂದಿನ ವಾರ ಮಿಕ್ಸಿಂಗ್‌ಗೆ ಕಳಿಸಬೇಕು. ಫೈಲ್‌ಗಳು ಹಾಳಾಗಿಬಿಟ್ಟವಾ?

ಗುಂಡು_ಮಿಕ್ಸರ್:
ಟೆನ್ಶನ್ ಬೇಡ ಮೇಡಂ. ಎಲ್ಲ ಟ್ರ್ಯಾಕ್ ಸೆಲೆಕ್ಟ್ ಮಾಡಿ ಪಿಚ್ ಶಿಫ್ಟ್‌ನಲ್ಲಿ ಒಂದೂವರೆ ಸೆಮಿಟೋನ್ (ಬಿಳಿ, ಕಪ್ಪು ಸೇರಿ ಪಕ್ಕಪಕ್ಕದ ಎರಡು ಮನೆಗಳ ಅಂತರ ಒಂದು ಸೆಮಿಟೋನ್) ಮೇಲೆತ್ತಿ, ಸ್ವಲ್ಪ ಸ್ಪೀಡ್ ಜಾಸ್ತಿ ಮಾಡಿ. ಮೈಕ್‌ಗೆ ಡ್ರೈವರ್ (ಇಂಟರ್ಫೇಸ್ ಜೊತೆ ವಿಂಡೋಸ್ ಮಾತಾಡುವಂತೆ ಮಾಡುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿ.

ಹಳೇಟೇಪು:
ದಯವಿಟ್ಟು ಪಿಚ್ ಶಿಫ್ಟ್ ಹಾಕಬೇಡಿ! ಫೈಲ್‌ಗೆ ಏನೂ ಆಗಿಲ್ಲ ಮೇಡಂ, ಅದನ್ನು ಓದುವ ವೇಗ ಮಾತ್ರ ತಪ್ಪಿದೆ.

ನೀವು ರೆಕಾರ್ಡ್ ಮಾಡಿದ್ದು 48 ಕಿಲೋಹರ್ಟ್ಸ್‌ನಲ್ಲಿ ಅನ್ನಿಸುತ್ತದೆ. ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್, ದನಿಯನ್ನು ಅಷ್ಟು ಸಲ ಅಳೆದು ಬರೆದಿಟ್ಟ ಅಂಕಿಗಳು. ಇದಕ್ಕೇ ರೇಟ್ ಅನ್ನೋದು. ವಿಂಡೋಸ್ ಬದಲಾದಾಗ ಇಂಟರ್ಫೇಸ್‌ನ ಸೆಟ್ಟಿಂಗ್ 44.1 ಕಿಲೋಹರ್ಟ್ಸ್‌ಗೆ ಬಂದು ನಿಂತಿದೆ. ನಿಮ್ಮ ಸಾಫ್ಟ್‌ವೇರ್ ಇಂಟರ್ಫೇಸ್ ಹೇಳಿದ ರೇಟನ್ನೇ ಪ್ರಾಜೆಕ್ಟ್‌ಗೂ ಹಾಕಿಕೊಳ್ಳುವ ಜಾತಿಯದ್ದು. ಈಗ ಅದೇ 48,000 ಸ್ಯಾಂಪಲ್ ನುಡಿಸೋಕೆ ಒಂದು ಸೆಕೆಂಡಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ, ಹಾಡು ನಿಧಾನವಾಗುತ್ತದೆ, ಶ್ರುತಿ ಸುಮಾರು 1.47 ಸೆಮಿಟೋನ್ ಇಳಿಯುತ್ತದೆ. ಐದೂವರೆಯಿಂದ ಒಂದು ಸೆಮಿಟೋನ್ ಇಳಿದರೆ ಐದು, ಇನ್ನೊಂದು ಇಳಿದರೆ ನಾಲ್ಕೂವರೆ. ನೀವು ಸರಿಯಾಗಿ ಅವೆರಡರ ಮಧ್ಯ ಇದ್ದೀರಿ. ತಂಬೂರಿ ಹಾಕಿ ನೋಡಿದ್ದು ಒಳ್ಳೆಯದಾಯಿತು, ಸುಮ್ನೆ 'ದನಿ ಸರಿ ಇಲ್ಲ' ಅಂತ ಬರೆದಿದ್ದರೆ ಇದು ಗೊತ್ತಾಗುತ್ತಿರಲಿಲ್ಲ.

ಖಾತ್ರಿ ಮಾಡಿಕೊಳ್ಳಬೇಕಾ? ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಒಂದು ವೇವ್ ಫೈಲ್‌ನ ಉದ್ದ ನೋಡಿ. ಅಲ್ಲಿ 5 ನಿಮಿಷ ಅಂತಿದ್ದು, ಸಾಫ್ಟ್‌ವೇರ್‌ನ ಟೈಮ್‌ಲೈನ್‌ನಲ್ಲಿ ಸುಮಾರು 5 ನಿಮಿಷ 26 ಸೆಕೆಂಡ್ ತೋರಿಸಿದರೆ ಇದೇ ರೋಗ.

ಗುಂಡು, ಪಿಚ್ ಶಿಫ್ಟ್ ಮಾಡಿದರೆ ಏನಾಗುತ್ತೆ ಅಂದರೆ, ಸರಿಯಾಗಿರುವ ಫೈಲನ್ನು ಹಿಡಿದು ಹಿಗ್ಗಿಸಿ ಕುಗ್ಗಿಸಿ ಅದರ ಹತ್ತಿರಹತ್ತಿರದ ಇನ್ನೊಂದು ಫೈಲ್ ಮಾಡಿದ ಹಾಗೆ. ಗಮಕ ಇರುವ ಹಾಡಿಗೆ ಆ ಪ್ರೊಸೆಸಿಂಗ್ ಎದ್ದು ಕೇಳುತ್ತದೆ. ಆಮೇಲೆ ಯಾವತ್ತೋ ರೇಟ್ ಸರಿಹೋದ ದಿನ ಎಲ್ಲವೂ ಮೇಲಕ್ಕೆ ಜಿಗಿದು ಕೂರುತ್ತದೆ.

ಗುಂಡು_ಮಿಕ್ಸರ್:
ಹೌದಲ್ವಾ, ಮಿಕ್ಸಿಂಗ್‌ನವರು 48ರಲ್ಲಿ ತೆರೆದರೆ ಅವರಿಗೆ ಬಾಲಗೀತೆ ಕೇಳಿಸುತ್ತೆ 😀

ಐದೂವರೆಮನೆ:
ಎಕ್ಸ್‌ಪ್ಲೋರರ್‌ನಲ್ಲಿ 4:10, ಟೈಮ್‌ಲೈನ್‌ನಲ್ಲಿ 4:32. ಇದೇ ರೋಗ ಸರ್. ಎಲ್ಲಿ ಬದಲಾಯಿಸಲಿ? ಪ್ರಾಜೆಕ್ಟ್ ಸೆಟಪ್‌ಗೆ ಹೋದರೆ 48 ಬೂದು ಬಣ್ಣದಲ್ಲಿದೆ, ಒತ್ತಲು ಬಿಡುತ್ತಿಲ್ಲ. ಡಿವೈಸ್ ಪಟ್ಟಿಯಲ್ಲಿ ಮೊದಲು ನನ್ನ ಇಂಟರ್ಫೇಸ್ ಹೆಸರಿತ್ತು, ಈಗ 'ಜೆನೆರಿಕ್' ಅಂತ ಏನೋ ಇದೆ.

ಹಳೇಟೇಪು:
ಆ 'ಜೆನೆರಿಕ್' ಅನ್ನೋದೇ ಬೇರು. ವಿಂಡೋಸ್ ಏರಿಸುವಾಗ ನಿಮ್ಮ ಇಂಟರ್ಫೇಸ್ ಕಂಪನಿಯ ಡ್ರೈವರ್ ಹೋಗಿ, ಅದರ ಜಾಗದಲ್ಲಿ ವಿಂಡೋಸ್‌ನದೇ ಸಾಮಾನ್ಯ ಯುಎಸ್‌ಬಿ ಆಡಿಯೋ ಡ್ರೈವರ್ ಕೂತಿದೆ. ಅದರಲ್ಲಿ ಹಾಡು ಕೇಳಬಹುದು, ಯೂಟ್ಯೂಬ್ ನೋಡಬಹುದು. ರೆಕಾರ್ಡಿಂಗ್‌ಗೆ ಕಂಪನಿಯ ಅಸಿಯೋ (ASIO, ರೆಕಾರ್ಡಿಂಗ್‌ಗೆಂದೇ ಇರುವ ಬಗೆ) ಡ್ರೈವರೇ ಬೇಕು. ಹಾಗಾಗಿ ಮೊದಲು ಡ್ರೈವರ್, ಆಮೇಲೆ ರೇಟ್, ಕೊನೆಗೆ ಮೈಕ್. ಈ ಕ್ರಮ ಬಿಟ್ಟು ಮಾಡಿದರೆ ಒಂದು ಸರಿಮಾಡುವಾಗ ಇನ್ನೊಂದು ಕೆಡುತ್ತದೆ.

ಪ್ರಾಜೆಕ್ಟ್ ಫೋಲ್ಡರನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿಡಿ, ಇದನ್ನು ಮಾತ್ರ ಬಿಡಬೇಡಿ. ಆಮೇಲೆ ಇಂಟರ್ಫೇಸ್ ಸಿಕ್ಕಿಸಿದ ಹಾಗೇ ಡಿವೈಸ್ ಮ್ಯಾನೇಜರ್ ತೆರೆದು ಅದನ್ನು ಅನ್‌ಇನ್‌ಸ್ಟಾಲ್ ಮಾಡಿ, ಡ್ರೈವರನ್ನೂ ತೆಗೆಯಲಾ ಅನ್ನುವ ಚೌಕ ಕಂಡರೆ ಟಿಕ್ ಮಾಡಿ. ಕೇಬಲ್ ಕೀಳಿ. ಕಂಪನಿಯ ಸೈಟ್‌ನಿಂದ ವಿಂಡೋಸ್ 11 ಅಂತ ಬರೆದಿರುವ ಹೊಸ ಡ್ರೈವರನ್ನೇ ಇಳಿಸಿ ಹಾಕಿ, ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಬಿದ್ದಿರುವ ಹಳೇದು ಬೇಡ. ಅದು ಕೇಳಿದಾಗ ಕೇಬಲ್ ಸಿಕ್ಕಿಸಿ, ಹಬ್ ಬೇಡ, ನೇರವಾಗಿ ಲ್ಯಾಪ್‌ಟಾಪ್‌ಗೆ.

ಡ್ರೈವರ್ ಲೋಡ್ ಆಗಲ್ಲ ಅಂತ ವಿಂಡೋಸ್ ಹಟ ಹಿಡಿದರೆ ಅದು 'ಮೆಮೊರಿ ಇಂಟೆಗ್ರಿಟಿ' ಅನ್ನುವ ಭದ್ರತೆಯ ಕೆಲಸ ಇರಬಹುದು, ವಿಂಡೋಸ್ ಸೆಕ್ಯುರಿಟಿಯಲ್ಲಿ ಕೋರ್ ಐಸೋಲೇಶನ್ ಒಳಗಿದೆ. ಅದನ್ನು ಆಫ್ ಮಾಡಿ ಅಂತ ಸುಮಾರು ವಿಡಿಯೋಗಳಲ್ಲಿ ಹೇಳುತ್ತಾರೆ. ಬ್ಯಾಂಕ್ ಕೆಲಸವೂ ಅದೇ ಲ್ಯಾಪ್‌ಟಾಪ್‌ನಲ್ಲಿ ನಡೆಯುವುದಾದರೆ ನಾನಂತೂ ಹೇಳುವುದಿಲ್ಲ.

ಆಮೇಲೆ ಸಾಫ್ಟ್‌ವೇರ್ ಮುಚ್ಚಿ, ಇಂಟರ್ಫೇಸ್‌ನ ಕಂಟ್ರೋಲ್ ಪ್ಯಾನೆಲ್‌ನಲ್ಲಿ 48 ಹಾಕಿ. ಪ್ರಾಜೆಕ್ಟ್ ತೆರೆದು ಸೆಟಪ್‌ನಲ್ಲೂ 48 ಮಾಡಿ. ಆಗ 'ಫೈಲ್‌ಗಳನ್ನು ಕನ್ವರ್ಟ್ ಮಾಡಲಾ' ಅಂತ ಕೇಳಿದರೆ ಬೇಡ ಅನ್ನಿ. ಫೈಲ್ ಮೊದಲೇ 48ರಲ್ಲಿದೆ, ಕನ್ವರ್ಟ್ ಮಾಡೋದು ಏನೂ ಇಲ್ಲ.

ಮೈಕ್‌ಗೆ: ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಮೈಕ್ರೊಫೋನ್. ಮೇಲಿನ ಸ್ವಿಚ್ ಆನ್ ಇದ್ದರೆ ಸಾಲದು, ಕೆಳಗೆ ಡೆಸ್ಕ್‌ಟಾಪ್ ಆಪ್‌ಗಳಿಗೆ ಅಂತ ಇನ್ನೊಂದು ಸ್ವಿಚ್ ಇದೆ, ಅದೂ ಆನ್ ಇರಬೇಕು. ಹೆಡ್‌ಫೋನ್‌ನಲ್ಲಿ ನಿಮ್ಮ ದನಿ ಕೇಳುತ್ತಿರುವುದರಿಂದ ಮೈಕ್, ಕೇಬಲ್, ಮೈಕ್‌ಗೆ ಇಂಟರ್ಫೇಸ್ ಕೊಡುವ 48 ವೋಲ್ಟ್ ವಿದ್ಯುತ್ ಎಲ್ಲ ಸರಿ ಇದೆ ಅಂತಾಯಿತು. ಆ ದನಿ ಇಂಟರ್ಫೇಸ್ ಒಳಗಿಂದಲೇ ಕಿವಿಗೆ ಬರುತ್ತದೆ, ಲ್ಯಾಪ್‌ಟಾಪ್‌ಗೆ ಹೋಗಿ ಬಂದದ್ದಲ್ಲ.

ಸೇಬಿನಂಗಡಿ:
ಮ್ಯಾಕ್‌ನವರಿಗೂ ಒಂದು ಮಾತು. 2018ರ ಮೊಹಾವಿ ಎಂಬ ಮ್ಯಾಕ್‌ಓಎಸ್ ಆವೃತ್ತಿಯಿಂದ ಅಲ್ಲೂ ಮೈಕ್‌ಗೆ ಅನುಮತಿ ಬೇಕು. ಇಲ್ಲದಿದ್ದರೆ ಎರರ್ ಬರುವುದಿಲ್ಲ, ನಿಶ್ಶಬ್ದವೇ ರೆಕಾರ್ಡ್ ಆಗುತ್ತದೆ. 2019ರ ಕ್ಯಾಟಲಿನಾದಲ್ಲಿ 32 ಬಿಟ್ ಆಪ್‌ಗಳು ಪೂರ್ತಿ ನಿಂತವು. ಇಂಟೆಲ್ ಚಿಪ್ ಕಾಲದ ಪ್ಲಗಿನ್‌ಗಳನ್ನು (ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಸೇರುವ ಚಿಕ್ಕ ಸಾಫ್ಟ್‌ವೇರ್) ರೊಸೆಟ್ಟಾ, ಅಂದರೆ ಹಳೇ ಆಪ್‌ಗಳನ್ನು ಹೊಸ ಮ್ಯಾಕ್‌ನಲ್ಲಿ ನಡೆಸುವ ವ್ಯವಸ್ಥೆ, ಅದರ ಮೇಲೆ ಓಡಿಸುತ್ತಿರುವವರು ಈಗಲೇ ಹೊಸ ಆವೃತ್ತಿ ಹುಡುಕಿಕೊಳ್ಳಿ. ಮ್ಯಾಕ್‌ಓಎಸ್ 27ರವರೆಗೆ ಮಾತ್ರ ರೊಸೆಟ್ಟಾ ಪೂರ್ತಿ ಇರುತ್ತದೆ ಅಂತ ಆಪಲ್ 2025ರಲ್ಲೇ ಹೇಳಿದೆ. ಅಪ್‌ಡೇಟ್ ಬಂದ ದಿನವೇ ಒತ್ತಬೇಡಿ. 2024ರಲ್ಲಿ ಮ್ಯಾಕ್‌ಓಎಸ್ 14.4 ಬಂದಾಗ ಕಾಪಿ ಪ್ರೊಟೆಕ್ಷನ್ ಇರುವ ಆಡಿಯೋ ಯೂನಿಟ್ (ಮ್ಯಾಕ್‌ನ ಪ್ಲಗಿನ್ ಬಗೆ) ಪ್ಲಗಿನ್‌ಗಳು ತೆರೆಯದೆ, ಅದೇ ತಿಂಗಳು 14.4.1 ಬಿಡಬೇಕಾಯಿತು.

ತಬಲಾ_ತರಲೆ:
ನನ್ನದೂ ಇದೇ ಕಥೆ, ಆದರೆ ಗೊತ್ತಾಗುವ ಮೊದಲೇ ಗಾಯಕರು ಬಂದು ನಿಧಾನವಾಗಿ ನುಡಿಯುತ್ತಿದ್ದ ಟ್ರ್ಯಾಕ್ ಮೇಲೆಯೇ ಹಾಡಿ ಹೋಗಿದ್ದಾರೆ. ಈಗ 48 ಮಾಡಿದರೆ ಆ ಟೇಕ್?

ಹಳೇಟೇಪು:
ಅದು ಕಷ್ಟ ಮಾರಾಯ್ರೇ. ಆ ಟೇಕ್ ನಿಜವಾಗಿ 44.1ರಲ್ಲೇ ಇದೆ, ಹಾಡಿದ್ದೂ ಇಳಿದ ಶ್ರುತಿಗೆ, ನಿಧಾನದ ಲಯಕ್ಕೆ. ಸರಿಯಾಗಿ ಕನ್ವರ್ಟ್ ಮಾಡಿದರೆ ಅವರ ದನಿ ಅವರದಾಗಿಯೇ ಇರುತ್ತದೆ, ಆದರೆ ಟ್ರ್ಯಾಕ್‌ಗೆ ಕೂರುವುದಿಲ್ಲ. ಕನ್ವರ್ಟ್ ಮಾಡದೆ ಹಾಗೇ 48ರಲ್ಲಿ ಬಿಟ್ಟರೆ ತಾಳ, ಶ್ರುತಿ ಎರಡೂ ಕೂರುತ್ತವೆ, ದನಿ ಮಾತ್ರ ಕೀರಲಾಗುತ್ತದೆ. ಕೋರಸ್ ಆದರೆ ನಡೆಯಬಹುದು. ಮುಖ್ಯ ಗಾಯನ ಆದರೆ ಅವರನ್ನು ಮತ್ತೆ ಕಾಫಿಗೆ ಕರೆಯಿರಿ.

ಐದೂವರೆಮನೆ:
ಸರಿಹೋಯಿತು!! ಡ್ರೈವರ್ ಹಾಕಿದ ಕೂಡಲೇ ಪಟ್ಟಿಯಲ್ಲಿ ಇಂಟರ್ಫೇಸ್ ಹೆಸರು ಬಂತು, 48 ಒತ್ತಲು ಬಿಟ್ಟಿತು, ಹಾಡು ಐದೂವರೆಗೆ ಬಂದು ಕೂತಿತು. ಮೈಕ್‌ಗೆ ಆ ಎರಡನೇ ಸ್ವಿಚ್ಚೇ ಆಫ್ ಇತ್ತು. ಕರಕರ ಮಾತ್ರ ಇನ್ನೂ ಇದೆ, ಕಡಿಮೆಯಾಗಿದೆ ಅಷ್ಟೇ. ಟ್ರ್ಯಾಕ್ ಜಾಸ್ತಿ ಆದಾಗ ಬರುತ್ತದೆ.

ಗುಂಡು_ಮಿಕ್ಸರ್:
ಇದು ನನಗೆ ಬಿಡಿ. ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸ್ಯಾಂಪಲ್, ಎಷ್ಟಿದೆ? ಡ್ರೈವರ್ ಹೊಸದಾದಾಗ ಅದೂ ಬದಲಾಗಿರುತ್ತದೆ. 48ರಲ್ಲಿ 128 ಸ್ಯಾಂಪಲ್ ಅಂದರೆ 2.7 ಮಿಲಿಸೆಕೆಂಡ್, ಹಾಡುವಾಗ ಚೆನ್ನ, ಆದರೆ ಹತ್ತಾರು ಟ್ರ್ಯಾಕ್ ಓಡುವಾಗ ಲ್ಯಾಪ್‌ಟಾಪ್‌ಗೆ ಉಸಿರು ಕಟ್ಟುತ್ತದೆ. ನೀವು ಹೇಗೂ ಇಂಟರ್ಫೇಸ್‌ನಿಂದಲೇ ನೇರವಾಗಿ ದನಿ ಕೇಳಿಕೊಳ್ಳುತ್ತೀರಿ, ಹಾಗಾಗಿ 512 ಇಟ್ಟರೂ ಹಾಡೋಕೆ ತೊಂದರೆ ಇಲ್ಲ. ಪವರ್ ಮೋಡ್ 'ಬೆಸ್ಟ್ ಪರ್ಫಾರ್ಮೆನ್ಸ್' ಮಾಡಿ, ಚಾರ್ಜರ್ ಹಾಕಿಕೊಂಡೇ ರೆಕಾರ್ಡ್ ಮಾಡಿ. ಆಮೇಲೂ ಬಂದರೆ ವೈಫೈ ಆಫ್ ಮಾಡಿ ನೋಡಿ. ಲೇಟೆನ್ಸಿಮಾನ್ ಅಂತ ಒಂದು ಸಾಫ್ಟ್‌ವೇರ್ ಇದೆ, ಯಾವ ಡ್ರೈವರ್ ಅಡ್ಡ ಬರುತ್ತಿದೆ ಅಂತ ಹೆಸರು ಹಿಡಿದು ತೋರಿಸುತ್ತದೆ.

ಐದೂವರೆಮನೆ:
512 ಮಾಡಿ ವೈಫೈ ಆಫ್ ಮಾಡಿದೆ, ಕರಕರ ನಿಂತಿತು. ಗುಂಡು ಅವರಿಗೂ ಹಳೇಟೇಪು ಸರ್‌ಗೂ ಥ್ಯಾಂಕ್ಸ್. ಈಗ ದನಿಗೆ ಸಭಾಂಗಣದ ಗುಂಗು ಕೊಡುವ ಒಂದು ರಿವರ್ಬ್ ಪ್ಲಗಿನ್ ಮಾತ್ರ ಮತ್ತೆ ಲೈಸೆನ್ಸ್ ಕೇಳುತ್ತಿದೆ, 'ಕಂಪ್ಯೂಟರ್‌ಗಳ ಮಿತಿ ಮುಗಿದಿದೆ' ಅನ್ನುತ್ತಿದೆ. ಕಂಪ್ಯೂಟರ್ ಅದೇ ಅಲ್ವಾ?

ಹಳೇಟೇಪು:
ನಿಮಗೆ ಅದೇ, ಪ್ಲಗಿನ್‌ಗೆ ಇದು ಹೊಸ ಕಂಪ್ಯೂಟರ್. ಅವರ ಸೈಟ್‌ನಲ್ಲಿ ನಿಮ್ಮ ಖಾತೆಗೆ ಹೋಗಿ ಹಳೇ ಆಕ್ಟಿವೇಶನ್ ತೆಗೆಯಿರಿ. ಆ ಆಯ್ಕೆ ಇಲ್ಲದಿದ್ದರೆ ಖರೀದಿ ರಸೀದಿ ಹಾಕಿ ಸಪೋರ್ಟ್‌ಗೆ ಒಂದು ಮೇಲ್ ಬರೆಯಿರಿ. ಮಿಕ್ಸಿಂಗ್‌ಗೆ ಅದಕ್ಕಾಗಿ ಕಾಯಬೇಡಿ, ರಿವರ್ಬ್ ಇಲ್ಲದ ಟ್ರ್ಯಾಕ್‌ಗಳನ್ನೇ 48ರಲ್ಲಿ ವೇವ್ ಮಾಡಿ ಕಳಿಸಿ, ರೇಟ್ ಎಷ್ಟು ಅಂತ ಫೋಲ್ಡರ್ ಹೆಸರಿನಲ್ಲೇ ಬರೆದುಬಿಡಿ.