ಸಬ್ಜೆಕ್ಟ್ ಗೊತ್ತು, ಬಾಯಿ ಬಿಟ್ರೆ ಬರಲ್ಲ: ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ: ಎಂಜಿನಿಯರಿಂಗ್ ಮೂರನೇ ವರ್ಷ ಓದ್ತಿದೀನಿ. ಮಾರ್ಕ್ಸ್ ಪರವಾಗಿಲ್ಲ, ಆದ್ರೆ ಸೆಮಿನಾರ್, ವೈವಾ, ಗ್ರೂಪ್ ಡಿಸ್ಕಶನ್ ಅಂದ್ರೆ ಗಂಟಲು ಒಣಗುತ್ತೆ, ಇಂಗ್ಲಿಷಲ್ಲಿ ಎರಡು ವಾಕ್ಯ ಆದ್ಮೇಲೆ ಫುಲ್ ಬ್ಲಾಂಕ್. ಮುಂದಿನ ವರ್ಷ ಪ್ಲೇಸ್‌ಮೆಂಟ್. ಏನ್ ಮಾಡ್ಲಿ?

ತಮ್ಮಾ, ಇಂಗ್ಲಿಷ್ ಬರಲ್ಲ ಅನ್ನೋದನ್ನೂ ಹೇಳೋಕೆ ಬರಲ್ಲ ಅನ್ನೋದನ್ನೂ ಒಂದೇ ಗಂಟು ಕಟ್ಟಿದೀಯ, ಮೊದ್ಲು ಅದನ್ನ ಬಿಚ್ಚು. ನಿನ್ನ ಪ್ರಾಜೆಕ್ಟ್ ಏನು ಅಂತ ಮನೇಲಿ ಯಾರಿಗಾದ್ರೂ ಕನ್ನಡದಲ್ಲೇ ಹೇಳಿ ನೋಡು, ಅಲ್ಲೂ ತಡವರಿಸಿದ್ರೆ ಇಂಗ್ಲಿಷ್ ಕೋಚಿಂಗ್‌ಗೆ ದುಡ್ಡು ಸುರಿದು ಪ್ರಯೋಜನ ಇಲ್ಲ. ನಾನು ಫ್ರೆಶರ್ಸ್ ಇಂಟರ್‌ವ್ಯೂ ತಗೋತೀನಿ, ಪ್ರಾಜೆಕ್ಟ್ ಬಗ್ಗೆ ಹೇಳಪ್ಪ ಅಂದ್ರೆ ಬಹಳ ಜನ ಶುರು ಮಾಡೋದೇ 'ಸರ್ ಇದ್ರಲ್ಲಿ ಆರ್ಡುಯಿನೊ ಯೂಸ್ ಮಾಡಿದೀವಿ, ಅಲ್ಟ್ರಾಸಾನಿಕ್ ಸೆನ್ಸರ್ ಇದೆ, ರಿಲೇ ಇದೆ' ಅಂತ, ದಿನಸಿ ಚೀಟಿ ಓದಿದ ಹಾಗೆ. ಸರಿ, ಅದು ಮಾಡೋದೇನಪ್ಪ? 'ಟ್ಯಾಂಕ್ ತುಂಬಿದ ತಕ್ಷಣ ಮೋಟರ್ ತಾನಾಗೇ ಆಫ್ ಆಗುತ್ತೆ' ಅಂತ ಮೊದಲನೇ ವಾಕ್ಯದಲ್ಲೇ ಅಂದುಬಿಡು. ಆಮೇಲೆ ಸೆನ್ಸರ್ ಸೌಂಡ್ ಕಳಿಸುತ್ತೆ, ಅದು ನೀರಿಗೆ ಬಡಿದು ವಾಪಸ್ ಬರೋ ಟೈಮ್ ಮೇಲೆ ಮಟ್ಟ ಲೆಕ್ಕ ಹಾಕ್ತೀವಿ ಅಂದ್ರೆ ಕೇಳೋವ್ರ ತಲೇಲಿ ಕೂತ್ಕೊಳುತ್ತೆ. ನೀರು ಅಲುಗಾಡಿದಾಗ ರೀಡಿಂಗ್ ಹೆಚ್ಚುಕಮ್ಮಿ ಆಗ್ತಿತ್ತು, ಅದಕ್ಕೆ ಒಂಬತ್ತು ರೀಡಿಂಗ್ ತಗೊಂಡು, ಚಿಕ್ಕದ್ರಿಂದ ದೊಡ್ಡದಕ್ಕೆ ಜೋಡಿಸಿ ಮಧ್ಯದ್ದನ್ನ ಇಟ್ಕೊಂಡ್ವಿ ಅಂತ ಸೇರಿಸಿದ್ರಂತೂ ಮುಗೀತು, ಮುಂದಿನ ಪ್ರಶ್ನೆಗಳೆಲ್ಲ ಅದರ ಮೇಲೇ ಬರುತ್ತೆ, ಅದು ನೀನೇ ಮಾಡಿದ್ದು ತಾನೆ, ಉತ್ತರ ಬಂದೇ ಬರುತ್ತೆ. ಗ್ರಾಮರ್ ಆಗ ಯಾರೂ ಹಿಡ್ಕೊಂಡು ಕೂರಲ್ಲ.
(ಸಾಫ್ಟ್‌ವೇರ್ ಉದ್ಯೋಗಿ)

ಪಾಠ ಮಾಡೋಳಾಗಿ ಒಂದು ಮಾತು. 1990ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಲಿಜಬೆತ್ ನ್ಯೂಟನ್ ಅನ್ನೋರು ಒಂದು ಪ್ರಯೋಗ ಮಾಡಿದ್ರು, ಒಬ್ರು ಪರಿಚಯದ ಹಾಡಿನ ತಾಳನ ಟೇಬಲ್ ಮೇಲೆ ಬೆರಳಲ್ಲಿ ಕುಟ್ಟಬೇಕು, ಇನ್ನೊಬ್ರು ಹಾಡು ಯಾವ್ದು ಅಂತ ಹೇಳ್ಬೇಕು. ಕೇಳೋವ್ರು ಅರ್ಧಕ್ಕರ್ಧ ಸಲ ಕಂಡುಹಿಡೀತಾರೆ ಅಂತ ಕುಟ್ಟಿದವ್ರು ಅಂದ್ಕೊಂಡಿದ್ರು, ಆದ್ರೆ 120 ಹಾಡಲ್ಲಿ ಸರಿ ಹೇಳಿದ್ದು ಬರೀ 3! ಕುಟ್ಟೋವ್ರ ತಲೇಲಿ ರಾಗ ಓಡ್ತಿರುತ್ತೆ, ಕೇಳೋವ್ರಿಗೆ ಟಕ್ ಟಕ್ ಅಷ್ಟೇ. ಸೆಮಿನಾರಲ್ಲಿ ನಮ್ಮ ಹುಡುಗ್ರದ್ದು ಇದೇ ಕಥೆ, ಸ್ಲೈಡ್ ತುಂಬ ಸರ್ಕ್ಯೂಟ್ ಹಾಕಿ 'ಆಸ್ ಯು ಕ್ಯಾನ್ ಸೀ' ಅಂತಾರೆ, ಏನೂ ಕಾಣಲ್ಲ. ಒಂದು ಸ್ಲೈಡಿಗೆ ಒಂದೇ ವಿಷಯ ಇಟ್ಕೋ. ಮೊದಲ ಮೂರು ವಾಕ್ಯ ಬಿಟ್ರೆ ಬೇರೇನೂ ಬಾಯಿಪಾಠ ಮಾಡ್ಬೇಡ, ಬಾಯಿಪಾಠದಲ್ಲಿ ಒಂದು ಪದ ಜಾರಿದ್ರೆ ಪೂರ್ತಿ ಸರಪಳಿ ಕಳಚ್ಕೊಳುತ್ತೆ, ನೀನು ಬ್ಲಾಂಕ್ ಅಂತಿರೋದು ಬಹುಶಃ ಇದೇ.
(ಲೆಕ್ಚರರ್)

ಮೇಲಿನ ಅಣ್ಣ ಹೇಳಿದ್ದು ಕೇಳೋಕೆ ಚೆನ್ನಾಗಿದೆ ಆದ್ರೆ ಅವ್ರು ಇಂಟರ್‌ವ್ಯೂ ಮಾಡೋ ಕಡೆ ಕೂತಿದಾರೆ ಅನ್ನೋದು ಮರೀಬೇಡ. ಗ್ರೂಪ್ ಡಿಸ್ಕಶನಲ್ಲಿ ಹತ್ತು ಜನ ಒಟ್ಟಿಗೆ ಬಾಯಿ ಹಾಕ್ತಿರ್ತಾರೆ, ಅಲ್ಲಿ ಇಂಗ್ಲಿಷ್ ನಾಲಿಗೆ ಮೇಲೆ ಇರ್ಲೇಬೇಕು, ಅದು ಜೋರಾಗಿ ಮಾತಾಡಿದ್ರೇನೇ ಬರೋದು. ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಹತ್ರದಲ್ಲಿದ್ರೆ ಹೋಗು, ಜನರ ಮುಂದೆ ಮಾತಾಡೋದನ್ನ ಅಭ್ಯಾಸ ಮಾಡಿಸೋಕೆ 1924ರಿಂದ ನಡೀತಿರೋ ಸಂಸ್ಥೆ ಅದು, ಅಲ್ಲಿ ಟೇಬಲ್ ಟಾಪಿಕ್ಸ್ ಅಂತ ಇರುತ್ತೆ, ಸ್ಥಳದಲ್ಲೇ ವಿಷಯ ಕೊಡ್ತಾರೆ, ಒಂದೆರಡು ನಿಮಿಷ ಮಾತಾಡ್ಬೇಕು, ಎಷ್ಟು ಸಲ 'ಆ… ಉಂ' ಅಂದೆ ಅಂತ ಎಣಿಸೋಕೇ ಒಬ್ರು ಕೂತಿರ್ತಾರೆ 😄 ಕ್ಲಬ್ ಇಲ್ಲಾಂದ್ರೆ ಫ್ರೆಂಡ್ಸ್ ಜೊತೆ ಹಾಸ್ಟೆಲ್ ರೂಮಲ್ಲೇ ಮಾಡಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಕೇಳು. ಮೊದಲ ಸಲ ನಿನ್ನ ದನಿ ನಿಂಗೇ ಸಹಿಸೋಕಾಗಲ್ಲ, ಎಲ್ಲರಿಗೂ ಹಾಗೇನೆ.
(ಹೋದ ವರ್ಷ ಕೆಲಸ ಸಿಕ್ಕಿದವಳು)

ಎಲ್ಲರೂ ಮಾತಿನ ಬಗ್ಗೇನೇ ಹೇಳ್ತಿದೀರಿ, ಕೆಲಸಕ್ಕೆ ಸೇರಿದ್ಮೇಲೆ ಮಾತಿಗಿಂತ ಬರೆಯೋದೇ ಜಾಸ್ತಿ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನೋ ನೌಕೆ ಮಂಗಳ ಗ್ರಹದ ಹತ್ರ ಹೋಗಿ ನಾಶ ಆಯ್ತಲ್ಲ, ಒಂದು ಕಡೆಯ ಸಾಫ್ಟ್‌ವೇರ್ ನೌಕೆನ ತಳ್ಳೋ ಬಲದ ಅಂಕಿನ ಪೌಂಡ್ ಲೆಕ್ಕದಲ್ಲಿ ಕೊಡ್ತಿತ್ತು, ಇನ್ನೊಂದು ಕಡೆಯವ್ರು ಅದನ್ನ ನ್ಯೂಟನ್ ಅನ್ನೋ ಬೇರೆ ಯೂನಿಟ್ ಅಂತ ತಗೊಂಡ್ರು. ದಾರಿ ಲೆಕ್ಕ ಹಾಕೋ ಟೀಮ್‌ಗೆ ಮುಂಚೇನೇ ಡೌಟ್ ಬಂದಿತ್ತು, ಅದು ಸರಿಯಾದ ರೀತೀಲಿ ಮೇಲಿನವ್ರಿಗೆ ತಲುಪ್ಲಿಲ್ಲ. ಅದಕ್ಕೇ ಲ್ಯಾಬ್ ರಿಪೋರ್ಟ್‌ನ ಸೀನಿಯರ್ ಪುಸ್ತಕ ನೋಡಿ ಕಾಪಿ ಹೊಡೀಬೇಡ, ಯೂನಿಟ್ ಸಮೇತ ನಿನ್ನ ಮಾತಲ್ಲೇ ಬರಿ. ಬರೆದಿದ್ದನ್ನ ಬೇರೆ ಬ್ರಾಂಚಿನ ಫ್ರೆಂಡ್‌ಗೆ ಕೊಟ್ಟು ಎಲ್ಲಿ ಅರ್ಥ ಆಗ್ಲಿಲ್ಲ ಅಂತ ಪೆನ್ಸಿಲಲ್ಲಿ ಗೆರೆ ಹಾಕು ಅನ್ನು, ಆ ಗೆರೆ ಬಿದ್ದ ಜಾಗದಲ್ಲೇ ವೈವಾದಲ್ಲೂ ನೀನು ನಿಂತುಬಿಡ್ತಿರ್ತೀಯ.
(ನಿವೃತ್ತ ಎಂಜಿನಿಯರ್)